ಕಾರ್ ಟಿಯೋ, ಕಸಿಯೋ: ಅಕ್ಕನಿಗೆ ಬರೆದ ಪತ್ರ

ಪ್ರೀತಿಯ ಅಕ್ಕ,

“ಹೊಸ ಚಿಕಿತ್ಸೆ ನಿಜವಾಗಿಯೂ ಹಳೆಯದಕ್ಕಿಂತ ಮೇಲೋ, ಅಥವಾ ನಲವತ್ತು ಲಕ್ಷ ಅಂದಕೂಡಲೇ ಮೇಲು ಅಂತ ನಮಗೆ ಅನ್ನಿಸೋದೋ?” ಎಂದು ನೀನು ಕೇಳಿದೆ. ಫೋನಿನಲ್ಲಿ ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಭಾವ ಪಕ್ಕದಲ್ಲೇ ಕೂತಿದ್ದರು. ಅವರ ಎದುರು ನೂರಕ್ಕೆ ಇಷ್ಟು ಜನ, ಅಷ್ಟು ಜನ ಎಂದು ಲೆಕ್ಕ ಹೇಳಲು ನನ್ನಿಂದಾಗಲಿಲ್ಲ. ಇದನ್ನು ನಿಧಾನವಾಗಿ ಓದಿ, ಬೇಕೆನಿಸಿದಷ್ಟನ್ನು ನೀನೇ ಅವರಿಗೆ ಹೇಳು. ತಾವೇ ಓದುತ್ತೇನೆ ಅಂದರೆ ಪೂರ್ತಿ ಕೊಡು. ಬಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಾನು ಡಾಕ್ಟರಲ್ಲ, ಔಷಧ ಪ್ರಯೋಗಗಳ ಅಂಕಿಅಂಶ ನೋಡುವವನು. ಎರಡು ಚಿಕಿತ್ಸೆಗಳನ್ನು ಹೋಲಿಸಿದಾಗ ಬಂದ ಉತ್ತರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು. ಭಾವನ ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಇದನ್ನೆಲ್ಲ ನೋಡಿ ಯಾವುದು ತಾಳುತ್ತದೆ ಎಂದು ಹೇಳಬೇಕಾದವರು ಅವರ ಡಾಕ್ಟರು.

ಆದರೂ ನನ್ನ ಅಭಿಪ್ರಾಯವನ್ನು ಕೊನೆಗೆಂದು ಉಳಿಸಿಕೊಳ್ಳುವುದಿಲ್ಲ. ಭಾವನ ಕಾಯಿಲೆ ಮೊದಲ ಚಿಕಿತ್ಸೆ ಮುಗಿದು ಎರಡು ಮೂರು ವರ್ಷವಾದ ಮೇಲೆ ಮರುಕಳಿಸಿದ್ದರೆ, ಹಿಂದೆಮುಂದೆ ನೋಡದೆ ಕಸಿ ಮಾಡಿಸೋಣ ಅನ್ನುತ್ತಿದ್ದೆ. ಅದು ಬಂದಿರುವುದು ವರ್ಷ ತುಂಬುವುದರೊಳಗೆ. ಆ ಒಂದು ಸಂಗತಿಯಿಂದ ನನ್ನ ಮನಸ್ಸು ಕೋಶ ಚಿಕಿತ್ಸೆಯ ಕಡೆ, ಅಂದರೆ ಎಲ್ಲರೂ ಕಾರ್ ಟಿ ಅನ್ನುತ್ತಾರಲ್ಲ, ಅದರ ಕಡೆ ವಾಲುತ್ತದೆ. ಅದೂ ಎಲ್ಲ ಮುಗಿದ ಮೇಲೆ ಕಡೆಯ ಪ್ರಯತ್ನವಾಗಿ ಅಲ್ಲ, ಸಾಧ್ಯವಾದರೆ ಈಗಲೇ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಹೋದ ವರ್ಷ ಭಾವನಿಗೆ ಕೊಟ್ಟ ಆರು ಸುತ್ತಿನ ಆರ್-ಚಾಪ್ ಎಂಬ ಕೀಮೋ, ಅವರಿಗಿರುವ ಲಿಂಫೋಮಾ ಎಂಬ ಈ ರಕ್ತದ ಕ್ಯಾನ್ಸರಿಗೆ ಜಗತ್ತಿನಾದ್ಯಂತ ಮೊದಲು ಕೊಡುವ ಔಷಧ. ಬಹಳಷ್ಟು ಜನ ಅದರಲ್ಲೇ ಗುಣವಾಗುತ್ತಾರೆ. ಗುಣವಾಗದವರಿಗೆ, ಗುಣವಾಗಿ ಮತ್ತೆ ಬಂದವರಿಗೆ ಇಷ್ಟು ಕಾಲ ಇದ್ದದ್ದು ಒಂದೇ ದಾರಿ. ಬೇರೆ ಬಗೆಯ ಕೀಮೋವನ್ನು ಎರಡು ಮೂರು ಸುತ್ತು ಕೊಡುತ್ತಾರೆ. ಪೆಟ್ ಸ್ಕ್ಯಾನ್ ಮಾಡಿ, ಗಡ್ಡೆಗಳು ಕರಗಿವೆ ಎಂದು ಕಂಡರೆ ರೋಗಿಯದೇ ಆಕರ ಕೋಶಗಳನ್ನು ರಕ್ತದಿಂದ ತೆಗೆದು ಶೈತ್ಯದಲ್ಲಿ ಇಡುತ್ತಾರೆ. ಆಮೇಲೆ ಮಜ್ಜೆಯೇ ಬರಿದಾಗುವಷ್ಟು ದೊಡ್ಡ ಪ್ರಮಾಣದ ಕೀಮೋ ಕೊಟ್ಟು, ತೆಗೆದಿಟ್ಟ ಕೋಶಗಳನ್ನು ಹಿಂತಿರುಗಿಸುತ್ತಾರೆ. ಭಾವನ ಡಾಕ್ಟರು ಹೇಳಿದ ಕಸಿ ಇದೇ. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ನಡೆಯಿತು. ಇದರ ಹಿಂದೆ ನಲವತ್ತು ವರ್ಷದ ಅನುಭವ ಇದೆ. ಹಳೆಯದು ಅಂದಮಾತ್ರಕ್ಕೆ ಹಗುರವಾಗಿ ನೋಡಬೇಡ.

ಇವತ್ತು ನಾವು ಮಾಮೂಲಿ ಚಿಕಿತ್ಸೆ ಅನ್ನುವ ಈ ಕಸಿಯೂ ಒಂದು ಕಾಲಕ್ಕೆ ಹೊಸದಾಗಿತ್ತು, ಅದೂ ಪರೀಕ್ಷೆಗೆ ಕೂತು ಗೆದ್ದೇ ಬಂದದ್ದು. 1995ರಲ್ಲಿ ಪ್ರಕಟವಾದ ಪಾರ್ಮಾ ಎಂಬ ಪ್ರಯೋಗದಲ್ಲಿ ಮರುಕಳಿಸಿದ ಲಿಂಫೋಮಾದವರಲ್ಲಿ ಕೆಲವರಿಗೆ ಬರೀ ಕೀಮೋ, ಕೆಲವರಿಗೆ ಕಸಿ ಕೊಟ್ಟು ನೋಡಿದರು. ಐದು ವರ್ಷದ ಕೊನೆಗೆ ಕಾಯಿಲೆ ಮತ್ತೆ ತಲೆಯೆತ್ತದೆ ಇದ್ದವರು ಕಸಿಯ ಗುಂಪಿನಲ್ಲಿ ನೂರಕ್ಕೆ 46, ಬರೀ ಕೀಮೋದ ಗುಂಪಿನಲ್ಲಿ 12. ಅಂದಿನಿಂದ ಕಸಿಯೇ ಪದ್ಧತಿಯಾಯಿತು.

ಈ 46 ಎಲ್ಲಿಂದ ಬಂತು ಎಂದು ಒಂದು ಸಲ ನೋಡು. ಆ ಪ್ರಯೋಗಕ್ಕೆ ಸೇರಿದವರು 215 ಮಂದಿ. ಎಲ್ಲರಿಗೂ ಮೊದಲು ಎರಡು ಸುತ್ತು ಕೀಮೋ ಕೊಟ್ಟರು. ಅದಕ್ಕೆ ಕಾಯಿಲೆ ಬಗ್ಗಿದವರನ್ನು ಮಾತ್ರ ಹೋಲಿಕೆಗೆ ತೆಗೆದುಕೊಂಡರು. ಹಾಗೆ ಉಳಿದವರು 109. ಅಂದರೆ ಕಸಿಯ ಬಗ್ಗೆ ನಾವು ಕೇಳುವ ಒಳ್ಳೆಯ ಅಂಕಿಯೆಲ್ಲ ಕಸಿಯವರೆಗೆ ತಲುಪಿದವರದ್ದು. ದಾರಿಯಲ್ಲೇ ಉಳಿದವರ ಲೆಕ್ಕ ಅದರಲ್ಲಿಲ್ಲ. ಅಕ್ಕ, ಜಾತ್ರೆಗೆ ಹೊರಟವರೆಲ್ಲ ತೇರು ಕಂಡವರಲ್ಲ. ತೇರು ಕಂಡು ಬಂದವರನ್ನಷ್ಟೇ ಕೇಳಿದರೆ ಜಾತ್ರೆ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಭಾವ ಇನ್ನೂ ಹೊರಟಿಲ್ಲ. ನಮಗೆ ಬೇಕಾದ್ದು ಹೊರಟವರೆಲ್ಲರ ಲೆಕ್ಕ.

ಆ ದಾರಿಯಲ್ಲಿ ಉಳಿದುಬಿಡುವವರು ಯಾರು ಎಂಬುದಕ್ಕೆ 2010ರ ಕೋರಲ್ ಎಂಬ ಅಧ್ಯಯನ ಉತ್ತರ ಕೊಟ್ಟಿತು. ಕಾಯಿಲೆ ಒಂದು ವರ್ಷ ದಾಟಿ ಮರುಕಳಿಸಿದವರಲ್ಲಿ ಮೂರು ವರ್ಷದ ಮೇಲೂ ಚೆನ್ನಾಗಿದ್ದವರು ನೂರಕ್ಕೆ 45ರಷ್ಟು. ವರ್ಷದೊಳಗೆ ಬಂದವರಲ್ಲಿ 20ರಷ್ಟು. ಕಾರಣ ಊಹಿಸುವುದು ಕಷ್ಟವಲ್ಲ. ಇಷ್ಟು ಬೇಗ ಹಿಂತಿರುಗಿದ ಕಾಯಿಲೆ ಕೀಮೋವನ್ನು ಕಂಡು, ಅದನ್ನು ತಡೆದುಕೊಂಡು ಬದುಕಿದ ಕೋಶಗಳದ್ದು. ಅದಕ್ಕೆ ಮತ್ತೆ ಕೀಮೋವನ್ನೇ, ಇನ್ನಷ್ಟು ಖಾರವಾಗಿ, ಕೊಡುತ್ತೇವೆ. ಕೆಲವರಲ್ಲಿ ಅದು ಬಗ್ಗುತ್ತದೆ. ಬಹಳಷ್ಟು ಜನರಲ್ಲಿ ಬಗ್ಗುವುದಿಲ್ಲ.

ಕೋಶ ಚಿಕಿತ್ಸೆಯ ಹಾದಿಯೇ ಬೇರೆ. ಭಾವನ ರಕ್ತದಿಂದ ಟಿ ಕೋಶಗಳನ್ನು, ಅಂದರೆ ಸೋಂಕಿನ ವಿರುದ್ಧ ಕೆಲಸ ಮಾಡುವ ಒಂದು ಜಾತಿಯ ಬಿಳಿ ಕಣಗಳನ್ನು, ಒಂದು ಯಂತ್ರದ ಮೂಲಕ ಬೇರ್ಪಡಿಸುತ್ತಾರೆ. ಕೆಲವು ಗಂಟೆಯ ಕೆಲಸ, ನೋವೇನೂ ಇಲ್ಲ. ಲ್ಯಾಬಿನಲ್ಲಿ, ರೋಗ ತರುವ ಶಕ್ತಿ ಕಳೆದ ಒಂದು ವೈರಸ್ಸಿನ ಮೂಲಕ ಆ ಕೋಶಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆಮೇಲೆ ಅವುಗಳ ಮೈಮೇಲೆ ಸಿಡಿ-19 ಎಂಬ ಗುರುತನ್ನು ಹಿಡಿಯುವ ಕೊಕ್ಕೆ ಬೆಳೆಯುತ್ತದೆ. ಭಾವನ ಲಿಂಫೋಮಾ ಹುಟ್ಟಿರುವುದು ಬಿ ಕೋಶಗಳಲ್ಲಿ, ಬಿ ಕೋಶಗಳ ಮೈಮೇಲೆ ಸಿಡಿ-19 ಇರುತ್ತದೆ. ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಮೂರು ದಿನ ಸಣ್ಣ ಕೀಮೋ ಕೊಟ್ಟು ಮೈಯಲ್ಲಿ ಜಾಗ ಮಾಡಿ, ಡ್ರಿಪ್ಪಿನಲ್ಲಿ ಹಿಂತಿರುಗಿಸುತ್ತಾರೆ. ಒಳಗೆ ಹೋದ ಕೋಶ ಅಲ್ಲೇ ಮತ್ತೆ ಮತ್ತೆ ಒಡೆದು ಹೆಚ್ಚುತ್ತದೆ. ಕೀಮೋಗೆ ಬಗ್ಗದ ಕಾಯಿಲೆ ಇದಕ್ಕೆ ಬಗ್ಗಬಹುದು ಎಂಬ ಆಸೆ ಅಲ್ಲಿಂದ ಹುಟ್ಟಿದ್ದು.

ಇಸ್ರೇಲಿನ ಜೆಲಿಗ್ ಎಶ್ಹಾರ್ ಇಂಥ ಕೋಶವನ್ನು ಲ್ಯಾಬಿನಲ್ಲಿ ಮಾಡಿ ತೋರಿಸಿದ್ದು 1989ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಾರ್ಲ್ ಜೂನ್ ಅವರ ತಂಡದ ಕೋಶಗಳನ್ನು 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಗೆ ಕೊಟ್ಟಾಗ ಅವಳು ಜ್ವರದಿಂದ ಸಾವಿನಂಚಿಗೆ ಹೋಗಿ, ಸಂಧಿವಾತದ ಒಂದು ಔಷಧದಿಂದ ಹಿಂತಿರುಗಿದಳು. ಜೂನ್ ಅವರ ಮಗಳಿಗೆ ಸಂಧಿವಾತ ಇದ್ದದ್ದರಿಂದ ಆ ಔಷಧ ಅವರಿಗೆ ಗೊತ್ತಿತ್ತು. ಇವತ್ತು ಕಾರ್ ಟಿ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ಆ ಔಷಧ, ಟೊಸಿಲಿಜುಮ್ಯಾಬ್, ಕೈಗೆಟಕುವಲ್ಲಿ ಇರುತ್ತದೆ. ಎಮಿಲಿ ಈಗ ಬೆಳೆದ ಹೆಣ್ಣುಮಗಳು. ನೀನು ಯೂಟ್ಯೂಬಿನಲ್ಲಿ ನೋಡಿ ಅತ್ತ ವಿಡಿಯೊ ಅವಳದೇ ಇರಬೇಕು. ಒಬ್ಬ ಹುಡುಗಿ ಬದುಕಿದ್ದು ನನಗೂ ಕಣ್ಣು ತುಂಬಿಸುವ ವಿಷಯ. ಆದರೆ ಒಬ್ಬರ ಕಥೆಯಿಂದ ನಿನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಉತ್ತರ ಸಿಗುವುದು ಜುಮಾ-7 ಎಂಬ ಪ್ರಯೋಗದಲ್ಲಿ. ಭಾವನಂಥವರನ್ನೇ, ಅಂದರೆ ಮೊದಲ ಚಿಕಿತ್ಸೆಗೆ ಬಗ್ಗದವರನ್ನು ಇಲ್ಲವೇ ಅದು ಮುಗಿದ ಹನ್ನೆರಡು ತಿಂಗಳೊಳಗೆ ಕಾಯಿಲೆ ಮರುಕಳಿಸಿದವರನ್ನೇ ಅಲ್ಲಿ ಸೇರಿಸಿದ್ದು. 77 ಆಸ್ಪತ್ರೆ, 359 ಜನ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಡಾಕ್ಟರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚಿತು. ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ, ಸೊರಗಿದವರೆಲ್ಲ ಇನ್ನೊಂದು ಕಡೆ ಸೇರಿಬಿಟ್ಟರೆ ಹೋಲಿಕೆ ಹಾಳು, ಅದಕ್ಕೇ ಈ ವ್ಯವಸ್ಥೆ. 180 ಜನರಿಗೆ ಕೋಶ ಚಿಕಿತ್ಸೆ, 179 ಜನರಿಗೆ ಮಾಮೂಲಿ ದಾರಿ. ಇಲ್ಲಿ ಹೊರಟವರೆಲ್ಲರ ಲೆಕ್ಕವೂ ಇದೆ.

ಕೋಶ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 94 ಜನ ಕೋಶಗಳನ್ನು ಪಡೆದರು. ಮಾಮೂಲಿ ದಾರಿಯ ಗುಂಪಿನಲ್ಲಿ ಕಸಿಯವರೆಗೆ ತಲುಪಿದವರು ನೂರಕ್ಕೆ 36. ಈ ಒಂದು ಸಾಲನ್ನು ಎರಡು ಸಲ ಓದು. ನನ್ನ ನಿರ್ಧಾರ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಕಸಿ ಮಾಡಿಸುತ್ತೇವೆ ಎಂದು ಹೊರಟ ಮೂವರಲ್ಲಿ ಇಬ್ಬರಿಗೆ ಕಸಿ ಸಿಗಲೇ ಇಲ್ಲ. ಕೀಮೋಗೆ ಕಾಯಿಲೆ ಬಗ್ಗದೆ ಬಹುಮಂದಿ ಮಧ್ಯದಲ್ಲೇ ನಿಂತರು.

ಕಾಯಿಲೆಯ ಕುರುಹೇ ಇಲ್ಲದಂತೆ ಆದವರು ಕೋಶ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 65, ಮಾಮೂಲಿ ಗುಂಪಿನಲ್ಲಿ 32. ಎರಡು ವರ್ಷದ ಹೊತ್ತಿಗೆ ಕಾಯಿಲೆ ಹೆಚ್ಚದೆ, ಬೇರೆ ಚಿಕಿತ್ಸೆಯ ಗೋಜಿಲ್ಲದೆ ಇದ್ದವರು 41, ಇನ್ನೊಂದು ಕಡೆ 16. ಇಷ್ಟು ಕೇಳಿದರೆ ಯಾರಾದರೂ ಕಾರ್ ಟಿಯೇ ಸರಿ ಅನ್ನುತ್ತಾರೆ. ಆದರೆ ನನ್ನ ಕೆಲಸದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಈ ಲೆಕ್ಕದಲ್ಲಿ ಹೊಸ ಚಿಕಿತ್ಸೆ ಶುರು ಮಾಡಿದ್ದೂ ಸೋಲು ಎಂದೇ ಸೇರುತ್ತದೆ. ಮಾಮೂಲಿ ದಾರಿಯಲ್ಲಿ ಕೀಮೋ ಫಲ ಕೊಡದೆ ಬೇರೆ ಔಷಧಕ್ಕೆ ಬದಲಾಯಿಸಿದವನು ಆ ದಿನವೇ ಸೋತವನ ಪಟ್ಟಿಗೆ ಬೀಳುತ್ತಾನೆ, ಆಮೇಲೆ ಚೆನ್ನಾಗಿ ಬದುಕಿದರೂ ಅಷ್ಟೇ. ಆದ್ದರಿಂದ ಕೇಳಬೇಕಾದ್ದು ನೇರ ಪ್ರಶ್ನೆ: ಎಷ್ಟು ಜನ ಜೀವಂತ ಇದ್ದಾರೆ? ಅದಕ್ಕೆ ಉತ್ತರ 2023ರಲ್ಲಿ ಬಂತು. ನಾಲ್ಕು ವರ್ಷದ ಹೊತ್ತಿಗೆ ಕೋಶ ಚಿಕಿತ್ಸೆಯ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 54.6, ಮಾಮೂಲಿ ಗುಂಪಿನಲ್ಲಿ 46.

ಅಂದರೆ ನೂರಕ್ಕೆ ಎಂಟೊಂಬತ್ತು ಜನ ಹೆಚ್ಚು. ಇದು ಆಕಸ್ಮಿಕ ಅಲ್ಲ, ನಿಜವಾದ ವ್ಯತ್ಯಾಸ. ಆದರೆ ಪೇಪರಿನಲ್ಲಿ ಬರುವ ‘ಕ್ರಾಂತಿ’ ಎಂಬ ಮಾತಿಗೂ ಈ ಅಂಕಿಗೂ ನಡುವೆ ದೂರ ಇದೆ. ಕಾರ್ ಟಿ ಪಡೆದವರಲ್ಲೂ ಅರ್ಧದ ಹತ್ತಿರ ಜನ ನಾಲ್ಕು ವರ್ಷದಲ್ಲಿ ಹೋಗಿದ್ದಾರೆ. ಇದನ್ನು ನಿನ್ನಿಂದ ಮುಚ್ಚಿಟ್ಟು ‘ಗುಣವಾಗೇ ಆಗ್ತಾರೆ’ ಎಂದು ಬರೆಯಲು ನನಗೆ ಬರುವುದಿಲ್ಲ, ಅಕ್ಕ.

ಈ ವ್ಯತ್ಯಾಸ ಯಾಕೆ ಇನ್ನೂ ದೊಡ್ಡದಾಗಲಿಲ್ಲ ಎಂದು ಹುಡುಕಿದರೆ ನಮಗೆ ಬೇಕಾದ ಸಂಗತಿ ಸಿಗುತ್ತದೆ. ಮಾಮೂಲಿ ದಾರಿಯಲ್ಲಿ ಸೋತವರು ಸುಮ್ಮನೆ ಕೂರಲಿಲ್ಲ. ಆ ಇಡೀ ಗುಂಪಿನಲ್ಲಿ ನೂರಕ್ಕೆ 57ರಷ್ಟು ಜನ ಆಮೇಲೆ ಪ್ರಯೋಗದ ಹೊರಗೆ ಕೋಶ ಚಿಕಿತ್ಸೆಯನ್ನೇ ಪಡೆದರು. ಹಾಗಾಗಿ ಆ ಹೋಲಿಕೆ ‘ಕಾರ್ ಟಿ ಇದ್ದರೆ, ಇಲ್ಲದಿದ್ದರೆ’ ಎಂಬುದಲ್ಲ. ‘ಮೊದಲೇ ಕಾರ್ ಟಿ, ಅಥವಾ ಮೊದಲು ಕೀಮೋ, ಸೋತರೆ ಕಾರ್ ಟಿ’ ಎಂಬುದು. ಎರಡನೆಯ ಅವಕಾಶ ಇದ್ದೂ ಮೊದಲ ಗುಂಪೇ ಮುಂದಿತ್ತು.

ಆ ಎರಡನೆಯ ಅವಕಾಶ ನಮಗಿದೆಯೇ? ಈಗ ಕೀಮೋ ಮತ್ತು ಕಸಿಗೆಂದು ಸೊಸೈಟಿ ಸಾಲ ತೆಗೆದು ಹತ್ತು ಲಕ್ಷದ ಆಸುಪಾಸು ಖರ್ಚು ಮಾಡಿ, ನಾಲ್ಕು ತಿಂಗಳ ಮೇಲೆ ಅದು ಫಲಿಸಲಿಲ್ಲ ಎಂದಾದರೆ, ಆಗ ನಲವತ್ತು ಲಕ್ಷ ಹೊಂದಿಸುವ ಶಕ್ತಿ ನಿಮ್ಮ ಮನೆಗೆ ಉಳಿದಿರುತ್ತದೆಯೇ? ಅಷ್ಟು ಹೊತ್ತಿಗೆ ಭಾವನ ಮೈಯಲ್ಲಿ ಶಕ್ತಿ ಇರುತ್ತದೆಯೇ? ಅವರ ಟಿ ಕೋಶಗಳು ಇನ್ನಷ್ಟು ಕೀಮೋ ಉಂಡು ಬಳಲಿರುವುದಿಲ್ಲವೇ? ಆ ಪ್ರಯೋಗ ನಡೆದ ದೇಶಗಳ ರೋಗಿ ಕೀಮೋದಲ್ಲಿ ಸೋತರೆ ಅವನ ವಿಮೆ ಮುಂದಿನ ಬಾಗಿಲು ತೆರೆಯಬಹುದು. ನಮ್ಮಲ್ಲಿ ಮೊದಲ ದಾರಿಗೆ ಸುರಿದ ದುಡ್ಡು ಎರಡನೆಯ ದಾರಿಗೆ ಸಿಗುವುದಿಲ್ಲ. ನಮ್ಮಂಥ ಮನೆಗಳಲ್ಲಿ ಇವೆರಡರ ನಡುವಿನ ಅಂತರ ಆ ಎಂಟೊಂಬತ್ತಕ್ಕಿಂತ ಹೆಚ್ಚೇ ಇರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಇದನ್ನು ಯಾವ ಪ್ರಯೋಗವೂ ಅಳೆದಿಲ್ಲ, ಇದು ನನ್ನ ತರ್ಕ. ಆದರೆ ಯಾವುದನ್ನು ಮೊದಲು ಮಾಡಿಸುತ್ತೇವೆ ಎಂಬುದು ನಮಗೆ ಅವರಿಗಿಂತ ಹೆಚ್ಚು ಮುಖ್ಯ ಎಂಬುದರಲ್ಲಿ ನನಗೆ ಸಂಶಯ ಇಲ್ಲ.

ಇನ್ನೊಂದು ಪ್ರಯೋಗದ ಬಗ್ಗೆಯೂ ಹೇಳದಿದ್ದರೆ ನಾನು ಬೇಕಾದ್ದನ್ನು ಮಾತ್ರ ಆಯ್ದು ಹೇಳಿದ ಹಾಗಾಗುತ್ತದೆ. ಬೆಲಿಂಡಾ ಎಂದು ಅದರ ಹೆಸರು. 322 ಜನ, ಅದೇ ಬಗೆಯ ರೋಗಿಗಳು, ಬೇರೆ ಕಂಪನಿಯ ಕಾರ್ ಟಿ. ಅಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಎರಡರಲ್ಲೂ ಅರ್ಧದಷ್ಟು ಜನರಿಗೆ ಮೂರು ತಿಂಗಳಲ್ಲಿ ಚಿಕಿತ್ಸೆ ಕೈಕೊಟ್ಟಿತ್ತು. ಟ್ರಾನ್ಸ್‌ಫಾರ್ಮ್ ಎಂಬ ಮೂರನೆಯ ಪ್ರಯೋಗದಲ್ಲಿ, 184 ಜನರಲ್ಲಿ, ಮತ್ತೆ ಕಾರ್ ಟಿಯೇ ಬಹಳ ಮುಂದೆ. ಹಾಗಾದರೆ ಬೆಲಿಂಡಾದಲ್ಲಿ ಆದದ್ದೇನು? ಜುಮಾ-7ರವರೂ ಬೆಲಿಂಡಾದವರೂ ಸೋಲನ್ನು ಅಳೆದ ರೀತಿ ಬೇರೆ, ಕೋಶಗಳ ತಯಾರಿಕೆ ಬೇರೆ, ಹೀಗೆ ಹಲವು ಕಾರಣ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಕಾಲದ ಮೇಲೆ. ಬೆಲಿಂಡಾದಲ್ಲಿ ರಕ್ತದಿಂದ ಕೋಶ ತೆಗೆದ ದಿನದಿಂದ ಹಿಂತಿರುಗಿಸುವ ದಿನದವರೆಗೆ ಅರ್ಧದಷ್ಟು ಜನರಿಗೆ 52 ದಿನ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಿತು. ಕಾಯುತ್ತಿರುವಾಗಲೇ ನಾಲ್ವರಲ್ಲಿ ಒಬ್ಬರ ಕಾಯಿಲೆ ಬೆಳೆದುಬಿಟ್ಟಿತ್ತು. ಜುಮಾ-7ರಲ್ಲಿ ಕೋಶಗಳು ಮೂರು ವಾರದೊಳಗೆ ಆಸ್ಪತ್ರೆಗೆ ವಾಪಸು ಬಂದಿದ್ದವು. ಆದರೆ ಆ ಪ್ರಯೋಗದಲ್ಲಿ ಕಾಯುವ ದಿನಗಳಲ್ಲಿ ಸ್ಟೆರಾಯ್ಡ್ ಬಿಟ್ಟರೆ ಕೀಮೋ ಕೊಡಲು ಅನುಮತಿ ಇರಲಿಲ್ಲ. ಹಾಗಾಗಿ ಕೂಡಲೇ ಕೀಮೋ ಬೇಕೇ ಬೇಕು ಎನ್ನುವಷ್ಟು ವೇಗವಾಗಿ ಕಾಯಿಲೆ ಹಬ್ಬುತ್ತಿದ್ದವರು ಅದಕ್ಕೆ ಸೇರಿಯೇ ಇರಲಿಕ್ಕಿಲ್ಲ. ಅದರ ಗೆಲುವನ್ನು ಓದುವಾಗ ಇದೂ ನೆನಪಿನಲ್ಲಿರಬೇಕು.

ಈಗ ನಮ್ಮ ದೇಶದ ಮಾತು. ಭಾವನಿಗೆ ಸಿಗುವುದು ಜುಮಾ-7ರ ಅಮೆರಿಕದ ಕೋಶವಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ, ಇಮ್ಯುನೋಆ್ಯಕ್ಟ್ ಕಂಪನಿ ತಯಾರಿಸುವ ನೆಕ್ಸ್‌ಕಾರ್19 ಒಂದು. ಅದಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಮುಂಬಯಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ಇನ್ನೊಂದು ನಮ್ಮ ಬೆಂಗಳೂರಿನದ್ದೇ. ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಕೋಶವನ್ನು ಇಮ್ಯುನೀಲ್ ಕಂಪನಿ ಇಲ್ಲಿ ತಯಾರಿಸಿ, ಕಾರ್ಟೆಮಿ ಎಂಬ ಹೆಸರಿನಲ್ಲಿ 2025ರ ಜನವರಿಯಲ್ಲಿ ಹೊರತಂದಿತು. ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್ ಟಿ ಬಂದಾಗ ಅದರ ಬೆಲೆ 4,75,000 ಡಾಲರ್. ಇಲ್ಲಿ ಅದರ ಹತ್ತನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿದಿದೆ. ನಮ್ಮವರು ಮಾಡಿದ ಈ ಕೆಲಸದ ಬಗ್ಗೆ ನನಗೆ ತುಂಬ ಅಭಿಮಾನ ಇದೆ.

ಅಭಿಮಾನ ಇದ್ದರೂ ಲೆಕ್ಕ ಲೆಕ್ಕವೇ. ಇಲ್ಲಿನ ಕೋಶಗಳನ್ನು ಮಾಮೂಲಿ ಚಿಕಿತ್ಸೆಯ ಎದುರು ನಿಲ್ಲಿಸಿ, ಚೀಟಿ ಎತ್ತಿ ಹೋಲಿಸಿದ ದೊಡ್ಡ ಪ್ರಯೋಗ ನಡೆದಿಲ್ಲ. ನೆಕ್ಸ್‌ಕಾರ್19ರ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಪ್ರಕಟವಾಗಿದೆ. 64 ರೋಗಿಗಳು, ಲಿಂಫೋಮಾದವರೂ ಲುಕೇಮಿಯಾದವರೂ ಸೇರಿ. ಲೆಕ್ಕಕ್ಕೆ ಸಿಕ್ಕವರಲ್ಲಿ ನೂರಕ್ಕೆ 73 ಜನರ ಕಾಯಿಲೆ ಬಗ್ಗಿತು. ಹೆಚ್ಚಿನವರು ಹಲವು ಚಿಕಿತ್ಸೆ ಸೋತು ಬಂದವರು ಎಂಬುದನ್ನು ನೆನೆದರೆ ಇದು ಒಳ್ಳೆಯ ಅಂಕಿ. ಆದರೆ ಬಗ್ಗಿದ ಕಾಯಿಲೆ ಎಲ್ಲರಲ್ಲೂ ಬಗ್ಗಿಯೇ ಇರಲಿಲ್ಲ, ಹಲವರಲ್ಲಿ ತಿಂಗಳುಗಳಲ್ಲೇ ಮತ್ತೆ ಎದ್ದಿತು. ಚಿಕಿತ್ಸೆಯಿಂದಲೇ ಇಬ್ಬರು ತೀರಿಕೊಂಡರು. ಇದನ್ನೂ ನೀನು ತಿಳಿದಿರಬೇಕು. ಜುಮಾ-7ರ ಗೆಲುವನ್ನು ನಾವು ಭಾವನಿಗೆ ಅನ್ವಯಿಸುವಾಗ ಬೇರೆ ಕೋಶದ ಫಲವನ್ನು ಸಾಲ ತಂದು ಮಾತಾಡುತ್ತಿದ್ದೇವೆ. ಆ ಸಾಲ ತರಬಹುದು ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಕೀಮೋಗೆ ಬಗ್ಗದ ಕಾಯಿಲೆಗೆ ಕೀಮೋ ಅಲ್ಲದ ದಾರಿ ಬೇಕು ಎಂಬ ಮೂಲ ತರ್ಕ ಎರಡಕ್ಕೂ ಒಂದೇ.

ಆಸ್ಪತ್ರೆಯಲ್ಲಿ ಏನೇನು ನೋಡಬೇಕಾಗುತ್ತದೆ ಎಂದು ನೀನು ಕೇಳಲಿಲ್ಲ, ಆದರೆ ಕೇಳಬೇಕು ಅಂತಿದ್ದೆ ಎಂದು ನನಗೆ ಗೊತ್ತು. ಕೋಶ ಕೊಟ್ಟ ಕೆಲವೇ ದಿನಗಳಲ್ಲಿ ಜ್ವರ ಬರುವ ಸಂಭವ ಹೆಚ್ಚು. ಕೋಶಗಳು ಕೆಲಸ ಶುರು ಮಾಡಿದಾಗ ಮೈಯೆಲ್ಲ ಉರಿಯೂತ ಏಳುತ್ತದೆ. ಬಿಪಿ ಇಳಿಯಬಹುದು, ಆಮ್ಲಜನಕ ಬೇಕಾಗಬಹುದು, ಕೆಲವರಿಗೆ ಐಸಿಯು. ಜುಮಾ-7ರಲ್ಲಿ ಇದು ತೀವ್ರವಾದದ್ದು ನೂರಕ್ಕೆ 6 ಜನರಿಗೆ. ಮಿದುಳಿನ ಮೇಲೆ ತೀವ್ರ ಪರಿಣಾಮ ಆದದ್ದು ನೂರಕ್ಕೆ 21 ಜನರಿಗೆ: ಗಲಿಬಿಲಿ, ಮಾತು ತಡವರಿಸುವುದು, ಮಂಪರು. ಬಹುಪಾಲು ಜನರಲ್ಲಿ ಅದು ಇಳಿದುಹೋಗುತ್ತದೆ. ನಮ್ಮ ದೇಶದ ಕೋಶಗಳಲ್ಲಿ ಈ ಮಿದುಳಿನ ತೊಂದರೆ ಕಡಿಮೆ ಕಂಡಿದೆ ಎಂಬುದು ಸಮಾಧಾನದ ವಿಷಯ.

ಅದನ್ನು ಬೇಗ ಹಿಡಿಯಲು ನರ್ಸ್ ದಿನವೂ ಕೆಲವು ಪ್ರಶ್ನೆ ಕೇಳುತ್ತಾರೆ. ಇದು ಯಾವ ವರ್ಷ, ಯಾವ ಊರು, ಈ ವಸ್ತು ಏನು, ನೂರರಿಂದ ಹತ್ತುಹತ್ತು ಕಳೆಯುತ್ತಾ ಬನ್ನಿ. ಆಮೇಲೆ ಒಂದು ಕಾಗದ ಕೊಟ್ಟು ಒಂದು ವಾಕ್ಯ ಬರೆಯಿರಿ ಅನ್ನುತ್ತಾರೆ. ನಿನ್ನೆ ನೆಟ್ಟಗೆ ಬರೆದವರ ಅಕ್ಷರ ಇವತ್ತು ಸೊಟ್ಟಗಾಗಿದ್ದರೆ, ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ ಡಾಕ್ಟರಿಗೆ ಸುಳಿವು ಸಿಗುತ್ತದೆ. ಭಾವ ಕನ್ನಡದಲ್ಲೇ ಬರೆಯಲಿ. ಇಂಗ್ಲಿಷಿನಲ್ಲಿ ಬರೆಯುವ ರೂಢಿ ಇಲ್ಲದವರನ್ನು ಇಂಗ್ಲಿಷಿನಲ್ಲಿ ಬರೆಸಿದರೆ ಸೊಟ್ಟ ಯಾವುದು, ನೆಟ್ಟಗೆ ಯಾವುದು ಯಾರಿಗೆ ಗೊತ್ತಾಗಬೇಕು? ಅಡಿಕೆ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಅವರು ಬರೆಯುವ ಆ ಗುಂಡು ಅಕ್ಷರವನ್ನು ನಿನ್ನಷ್ಟು ಚೆನ್ನಾಗಿ ಗುರುತಿಸುವವರು ಆ ವಾರ್ಡಿನಲ್ಲಿ ಯಾರೂ ಇರುವುದಿಲ್ಲ. ಆ ಕಾಗದವನ್ನು ದಿನಾ ನೀನೂ ನೋಡು. ಏನಾದರೂ ಬೇರೆ ಅನ್ನಿಸಿದರೆ ಸಂಕೋಚಪಡದೆ ಹೇಳು.

ತಿಂಗಳಾದ ಮೇಲೂ ರಕ್ತಕಣಗಳು ಕಡಿಮೆ ಇರುತ್ತವೆ, ಸೋಂಕಿನ ಭಯ ಇರುತ್ತದೆ. ಕಾಯಿಲೆಯ ಬಿ ಕೋಶಗಳ ಜೊತೆ ಒಳ್ಳೆಯ ಬಿ ಕೋಶಗಳೂ ಹೋಗುವುದರಿಂದ ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬೇಕಾಗುತ್ತದೆ, ಅದರ ಖರ್ಚು ಬೇರೆ. ಬಹಳ ಅಪರೂಪಕ್ಕೆ ಟಿ ಕೋಶದ್ದೇ ಇನ್ನೊಂದು ಕ್ಯಾನ್ಸರ್ ಕಾಣಿಸಿದೆ ಎಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಸೇರಿಸಿದ್ದಾರೆ. ಭಾವನ ಈಗಿನ ಅಪಾಯದ ಮುಂದೆ ಅದು ಚಿಕ್ಕದು. ಹಾಗೆಂದು ಕಸಿ ಸುಖದ ದಾರಿ ಎಂದುಕೊಳ್ಳಬೇಡ. ಬಾಯಿತುಂಬ ಹುಣ್ಣು, ನೀರು ಕುಡಿಯಲೂ ಆಗದ ದಿನಗಳು, ವಾರಗಟ್ಟಲೆ ಒಂಟಿ ಕೋಣೆ. ಎರಡೂ ಕಷ್ಟವೇ, ಕಷ್ಟದ ಬಗೆ ಬೇರೆ.

ದುಡ್ಡಿನ ವಿಷಯ. ಆಯುಷ್ಮಾನ್ ಕಾರ್ಡಿನಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ, ಅದು ಇದಕ್ಕೆ ಎಲ್ಲಿಗೂ ಸಾಲದು. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೀನ್ ಚಿಕಿತ್ಸೆಗೆ ಪೂರ್ತಿ ವಿನಾಯಿತಿ ಕೊಡಲು ತೀರ್ಮಾನಿಸಿತು. ಬಿಲ್ಲು ಬಂದಾಗ ಅದು ಸಿಕ್ಕಿದೆಯೇ ಎಂದು ನಾನು ನೋಡುತ್ತೇನೆ. ಭಾವ ಬ್ಯಾಂಕಿನ ಗುಂಪು ವಿಮೆ ಮಾಡಿಸಿದ್ದರಲ್ಲ, ಅದರ ಕಾಗದ ಹುಡುಕಿಡು. ಕೋಶ ಚಿಕಿತ್ಸೆಯನ್ನು ಅದು ಒಳಗೊಂಡಿದೆಯೇ, ಆಧುನಿಕ ಚಿಕಿತ್ಸೆಗಳಿಗೆ ಬೇರೆ ಮಿತಿ ಇದೆಯೇ ಎಂದು ಸಾಲುಸಾಲು ಓದಬೇಕು. ತೋಟ ಮಾರುವ ಮಾತು ಮಾತ್ರ ಬೇಡ. ಚಿಕಿತ್ಸೆ ಫಲಿಸಿದರೂ ಫಲಿಸದಿದ್ದರೂ ನೀವು ಊಟ ಮಾಡಬೇಕಾದ್ದು ಆ ತೋಟದಿಂದ. ನನ್ನ ಹೆಸರಿನಲ್ಲಿರುವ ಸೈಟು ಮಾರಲು ಇಬ್ಬರ ಹತ್ತಿರ ಆಗಲೇ ಮಾತಾಡಿದ್ದೇನೆ. ಬೇಡ ಅನ್ನಬೇಡ. ನಾನು ಡಿಗ್ರಿ ಓದುವಾಗ ಹಾಸ್ಟೆಲಿನ ಫೀಸು ಯಾರು ಕಟ್ಟಿದ್ದು ಎಂದು ನನಗೂ ಗೊತ್ತು, ಭಾವನಿಗೂ ಗೊತ್ತು. ಅವರು ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿದವರಲ್ಲ. ನಿಮ್ಮ ಪುಟ್ಟಿಯ ಓದಿನ ದುಡ್ಡನ್ನು ಮುಟ್ಟಬಾರದು ಎಂಬ ಅವರ ಮಾತಿಗೆ ನನ್ನದೂ ಸಂಪೂರ್ಣ ಒಪ್ಪಿಗೆ.

ಭಾವ ಇದ್ಯಾವುದೂ ಬೇಡ ಅಂದರೆ? ಅಥವಾ ಡಾಕ್ಟರು ನೋಡಿ, ಇವರ ಹೃದಯ ಕಾರ್ ಟಿ ತಾಳುವುದಿಲ್ಲ ಅಂದರೆ? ಅದನ್ನೂ ನಾವು ಒಪ್ಪಿಕೊಳ್ಳುವಂತಿರಬೇಕು. ಗುಣವಾಗುತ್ತದೋ ಇಲ್ಲವೋ, ನೋವಿಲ್ಲದಂತೆ, ಉಸಿರಾಟಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುವ ಉಪಶಮನ ವೈದ್ಯರು ಮೊದಲ ದಿನದಿಂದಲೇ ಜೊತೆಯಲ್ಲಿರಲಿ. ಅವರನ್ನು ಕರೆಯುವುದು ಎಂದರೆ ಕೈಚೆಲ್ಲುವುದಲ್ಲ. ತೀರ್ಮಾನ ಭಾವನದ್ದು. ನಾನು ಬರೆದದ್ದು ತೀರ್ಮಾನಕ್ಕೆ ಬೇಕಾದ ಸಾಮಾನು ಮಾತ್ರ.

ಸೋಮವಾರ ಡಾಕ್ಟರ ಹತ್ತಿರ ಹೋದಾಗ ಹೊಸ ಕೀಮೋ ಶುರುವಾಗುವುದಕ್ಕೆ ಮೊದಲೇ ಕೇಳಬೇಕಾದ್ದು ಇದೆ. ಮರುಕಳಿಸಿದ ಗಡ್ಡೆಯ ಬಯಾಪ್ಸಿಯನ್ನು ಹೊಸದಾಗಿ ಮಾಡಿ, ಸಿಡಿ-19 ಇದೆಯೇ ಎಂದು ನೋಡಿದ್ದಾರೆಯೇ? ಕೋಶ ತೆಗೆಯುವ ಮೊದಲು ಬೆಂಡಾಮಸ್ಟಿನ್ ಎಂಬ ಔಷಧ ಕೊಡುವ ಯೋಚನೆ ಇದ್ದರೆ, ಅದು ಟಿ ಕೋಶಗಳನ್ನು ಬಹಳ ಕಾಲ ಕುಗ್ಗಿಸುತ್ತದೆ, ಬೇರೆ ಯಾವುದಾದರೂ ಆದೀತೇ ಎಂದು ಕೇಳು. ಕೋಶ ತೆಗೆದ ಮೇಲೆ ವಾಪಸು ಬರಲು ಅವರ ಅನುಭವದಲ್ಲಿ ನಿಜಕ್ಕೂ ಎಷ್ಟು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಯಿಲೆಯನ್ನು ಹಿಡಿದಿಡಲು ಏನು ಕೊಡುತ್ತಾರೆ, ತಯಾರಿಕೆ ಕೆಟ್ಟರೆ ದುಡ್ಡು ಏನಾಗುತ್ತದೆ, ಹೇಳುವ ಮೊತ್ತದಲ್ಲಿ ಐಸಿಯು ಸೇರಿದೆಯೇ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುತ್ತೇವೆ ಅಂದರೆ ಒಳ್ಳೆಯ ಡಾಕ್ಟರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಅದಕ್ಕೆ ಒಂದು ವಾರಕ್ಕಿಂತ ಹೆಚ್ಚು ಕಳೆಯಬಾರದು. ಇಷ್ಟು ಬೇಗ ಬಂದ ಕಾಯಿಲೆ ಕಾಯುವುದಿಲ್ಲ.

ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ತರಿಸಿಡು, ರಿಪೋರ್ಟಿನ ಕಾಗದ ಒಂದೇ ಸಾಲದು. ಹೋದ ವರ್ಷದ ಎರಡು ಪೆಟ್ ಸ್ಕ್ಯಾನ್‌ಗಳ ಸಿಡಿಯೂ ಬೇಕು. ನಾನು ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ, ಸೋಮವಾರ ನಿಮ್ಮ ಜೊತೆಯೇ ಡಾಕ್ಟರ ಹತ್ತಿರ ಬರುತ್ತೇನೆ. ಬೆಂಗಳೂರಿನಲ್ಲೇ ಚಿಕಿತ್ಸೆ ಎಂದಾದರೆ, ಕೋಶ ಕೊಟ್ಟ ಮೇಲೆ ಒಂದು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕಾಗುತ್ತದೆ. ಅದಕ್ಕೊಂದು ಮನೆ ನೋಡುತ್ತಿದ್ದೇನೆ. ನೆಲಮಹಡಿಯದ್ದೇ ಸಿಗಬೇಕು, ಭಾವನಿಗೆ ಮೆಟ್ಟಿಲು ಹತ್ತಿಸುವುದು ಬೇಡ. ಅಡಿಗೆ ಪಾತ್ರೆ ಏನೂ ತರಬೇಡ, ಎಲ್ಲ ಇಲ್ಲೇ ಇದೆ.

ನಿನ್ನ ತಮ್ಮ